ಹೆಸರಿಲ್ಲದ ಹಳೇ ಸ್ಟೀಲ್ ರೋಡ್ ಸೈಕಲ್: ಇದು ಯಾವುದು, ಸಿಂಹಗಡ ಹತ್ತಿಸೋದು ಹೇಗೆ?

ಕೋಥ್ರೂಡ್ ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನೂರು ಧಾರವಾಡ. ಆರು ವರ್ಷದಿಂದ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ನಮ್ಮ ಮನೆ ಮಾಲೀಕರಿಗೆ ಎಂಬತ್ತು ದಾಟಿದೆ, ನಾವೆಲ್ಲ ಆಜೋಬಾ (ಮರಾಠಿಯಲ್ಲಿ ಅಜ್ಜ) ಅಂತಲೇ ಕರೆಯುತ್ತೇವೆ. ಮೊನ್ನೆ ಅವರು ಮೆಟ್ಟಿಲ ಕೆಳಗಿನ ಸಾಮಾನೆಲ್ಲ ಹೊರಗೆ ತೆಗೆಸಿದರು. ಅದರ ಹಿಂದೆ ಗೋಣಿಚೀಲ ಸುತ್ತಿಟ್ಟ ಒಂದು ಸೈಕಲ್ ಸಿಕ್ಕಿತು. ಅವರ ಅಣ್ಣನದು. ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದರಂತೆ, ಹೊರದೇಶದಿಂದ ತಂದಿದ್ದಂತೆ. ಈಗ ಅವರಿಲ್ಲ. "ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ, ನೀನು ಓಡಿಸ್ತೀಯಾ ಅಂದ್ರೆ ತಗೋ" ಅಂದರು.

ಸೈಕಲ್ ಹೀಗಿದೆ. ಬಾಗಿದ ರೇಸ್ ಹ್ಯಾಂಡಲ್. ಗೇರ್ ಲಿವರ್ ಎರಡೂ ಕೆಳಗಿನ ಪೈಪಿನ ಮೇಲಿವೆ. ಮುಂದೆ ಎರಡು ಹಲ್ಲಿನ ಚಕ್ರ, ಹಿಂದೆ ಆರು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಮೇಲೆ ಶಿಮಾನೊ 600 ಅಂತಿದೆ. ಯಾರೋ ಬ್ರಷ್ ಹಿಡಿದು ಪೂರ್ತಿ ನೀಲಿ ಬಣ್ಣ ಬಳಿದಿದ್ದಾರೆ, ಸ್ಟಿಕರ್ ಒಂದೂ ಉಳಿದಿಲ್ಲ. ಮುಂದಿನ ಕಂಪನಿ ಬಿಲ್ಲೆ ಕೂಡ ಇಲ್ಲ, ಒಂದರ ಕೆಳಗೊಂದು ಎರಡು ತೂತು ಅಷ್ಟೇ. ಟಯರ್ ಮುಟ್ಟಿದರೆ ಪುಡಿಪುಡಿ. ಅದರ ಮೇಲೆ 27 × 1¼ ಅಂತ ಓದೋಕೆ ಬರುತ್ತದೆ.

ಒಂದು ಅಂಗಡಿಗೆ ಒಯ್ದಿದ್ದೆ. 28 × 1½ ಟಯರ್ ಕೊಟ್ಟರು, ಗಾಳಿ ಹಾಕಿದ ಕೂಡಲೇ ರಿಮ್ ಬಿಟ್ಟು ಹೊರಬಂತು. ಪೆಡಲ್ ಮಧ್ಯದ ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್ ಅಚ್ಚು ತಿರುಗುವ ಬೇರಿಂಗ್) ಕಪ್ ತೆಗೀತೀವಿ ಅಂತ ಉಳಿ ಇಟ್ಟು ಹೊಡೆದರು. ಕಪ್ ಅಂಚು ಹರಿದಿದೆ, ಒಂದು ಸುತ್ತೂ ಬಿಚ್ಚಲಿಲ್ಲ. ನೋಡಿ ಬೇಜಾರಾಗಿ ವಾಪಸ್ ತಂದೆ.

ಇದು ಯಾವ ಕಂಪನಿಯದು? ದುಡ್ಡು ಹಾಕುವಷ್ಟು ಬೆಲೆ ಇದೆಯಾ? ನನಗೆ ಇದರಲ್ಲಿ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಬೇಕು ಅಂತ ಆಸೆ.

ಹಡಪ್ಸರ್ ಹುಡುಗ

ಹಡಗು, ಹೊರದೇಶ, 27 ಇಂಚು ಗಾಲಿ! ಇಂಗ್ಲೆಂಡಿನ ರ‍್ಯಾಲಿನೇ ಇರಬೇಕು ಅಣ್ಣ. ಮರೂನ್ ಬಣ್ಣ ಹೊಡೆಸಿ ರ‍್ಯಾಲಿ ಸ್ಟಿಕರ್ ಅಂಟಿಸಿಬಿಡಿ, ಸೂಪರ್ ಆಗಿರುತ್ತೆ.

ಮಡಗಾಂವ್ ಮಳೆ

ಹೆಸರು ಆಮೇಲೆ. ಮೊದಲು ಫ್ರೇಮ್ ಬದುಕಿದೆಯಾ ನೋಡಿ. ನಾನಿರೋದು ಗೋವಾದಲ್ಲಿ. ಇಲ್ಲಿ ಉಪ್ಪುಗಾಳಿಗೆ ಹೊರಗಿಂದ ಹೊಳೆಯುವ ಫ್ರೇಮ್ ಕೂಡ ಒಳಗಿಂದ ತಿಂದು ಹೋಗಿರುತ್ತದೆ. ಸೀಟ್ ಹೊತ್ತಿರುವ ಪೋಸ್ಟ್ ಹೊರಗೆ ತೆಗೆದು ಪೈಪಿನ ಒಳಗೆ ಟಾರ್ಚ್ ಬಿಡಿ. ಸೈಕಲ್ ತಲೆಕೆಳಗು ಮಾಡಿ ಅಲ್ಲಾಡಿಸಿ. ತುಕ್ಕಿನ ಪುಡಿ ಸ್ವಲ್ಪ ಬಂದರೆ ಪರವಾಗಿಲ್ಲ, ಪದರ ಪದರವಾಗಿ ಬಂದರೆ ಕಷ್ಟ. ಬಿ.ಬಿ. ಕೂರುವ ಡಬ್ಬಿ ಎಲ್ಲಕ್ಕಿಂತ ತಗ್ಗಿನ ಜಾಗ, ನೀರೆಲ್ಲ ಅಲ್ಲೇ ಇಳಿಯೋದು. ಅದರ ಅಡಿಯನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬರಬೇಕು.

ಇನ್ನೊಂದು, ಎಲ್ಲಾದರೂ ಗುದ್ದಿದ ಸೈಕಲ್ಲಾ ಅಂತ ನೋಡಬೇಕು. ಕೆಳಗಿನ ಪೈಪು ಹ್ಯಾಂಡಲ್ ಕಡೆ ಸೇರುವ ಜಾಗದ ಅಡಿಭಾಗಕ್ಕೆ ಬೆರಳು ಸವರಿ. ಅಲ್ಲಿ ಸಣ್ಣ ಉಬ್ಬು ಸಿಕ್ಕರೆ, ಬಣ್ಣ ಅಡ್ಡಡ್ಡ ಬಿರಿದಿದ್ದರೆ ಮುಂದಿನಿಂದ ಹೊಡೆತ ತಿಂದಿದೆ ಅಂತ ಅರ್ಥ. ಆಮೇಲೆ ಒಂದು ದಾರ ತಗೊಳ್ಳಿ. ಹಿಂದಿನ ಗಾಲಿ ಕೂರುವ ಒಂದು ಕಡೆಯ ಕಚ್ಚಿಗೆ ಕಟ್ಟಿ, ಮುಂದಿನ ಹೆಡ್ ಪೈಪು ಸುತ್ತಿಸಿ, ಇನ್ನೊಂದು ಕಡೆಯ ಕಚ್ಚಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಬದಿ ಒಂದೇ ಅಂತರ ಇರಬೇಕು. ಇಷ್ಟಾದ ಮೇಲೆ ದುಡ್ಡಿನ ಮಾತು.

ಭೋಸರಿ ಟೂಲ್‌ರೂಮ್

ತಮ್ಮಾ, ನಾನು ಮೂವತ್ತು ವರ್ಷ ಭೋಸರಿಯ ಕಾರ್ಖಾನೆಗಳಲ್ಲಿ ಟೂಲ್‌ರೂಮ್ ಕೆಲಸ ಮಾಡಿದವನು. ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಅಳತೆ ಸುಳ್ಳು ಹೇಳುವುದಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಈ ಸೈಕಲ್ ಯಾವ ಜಾತಿಯದು ಅಂತ ಗೊತ್ತಾಗುತ್ತದೆ. ಹೆಸರು ಸಿಗದಿದ್ದರೂ ಯಾವ ಸಾಮಾನು ಕೂರುತ್ತದೆ ಅಂತ ಗೊತ್ತಾಗುತ್ತದೆ. ನಿನಗೆ ಬೇಕಾಗಿರುವುದು ಅದೇ.

ಸೀಟಿನ ಪೈಪಿನ ಹೊರ ಅಳತೆ ತೆಗಿ. 28.6 ಮಿ.ಮೀ. ಬಂದರೆ ಇಂಗ್ಲಿಷ್ ಅಳತೆಯ ಪೈಪು, 28 ಬಂದರೆ ಫ್ರೆಂಚ್. ಅದರೊಳಗೆ ಇಳಿಯುವ ಸೀಟ್ ಪೋಸ್ಟ್ ಅಳತೆಯೂ ಬೇಕು. 28.6ರಲ್ಲಿ 27.2 ಕಳೆದರೆ 1.4, ಎರಡು ಗೋಡೆಗೆ ಹಂಚಿದರೆ 0.7. ಅಂದರೆ ಪೋಸ್ಟ್ 27.2 ಇದ್ದರೆ ಪೈಪಿನ ಗೋಡೆ ಬಹಳ ತೆಳು, ಒಳ್ಳೆ ಉಕ್ಕು. ಪೋಸ್ಟ್ 25.8ರ ಹತ್ತಿರ ಇದ್ದರೆ ಗೋಡೆ 1.4ರಷ್ಟು ದಪ್ಪ. ಅದು ಸಾಧಾರಣ ಭಾರದ ಉಕ್ಕು. ಪುಣೆಯಲ್ಲಿ ಸಿಗುವ ಹಳೇ ಸೈಕಲ್ ಬಹುಪಾಲು ಆ ಜಾತಿಯವೇ.

ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್‌ನ, ಫೋರ್ಕಿನ ಕತ್ತಿನೊಳಗೆ ಇಳಿಯುವ ಭಾಗ 22.2 ಇದೆಯಾ, 22.0 ಇದೆಯಾ ನೋಡು. ಹಿಂದಿನ ಎರಡು ಕಚ್ಚಿನ ನಡುವಿನ ಅಂತರ ಅಳೆ. ಹಿಂದೆ ಐದು ಹಲ್ಲಿನ ಚಕ್ರ ಇದ್ದ ಕಾಲದ್ದಾದರೆ 120, ಆರರ ಕಾಲದ್ದಾದರೆ 126, ಎಂಟು ಮತ್ತು ಆಮೇಲಿನದಾದರೆ 130.

ಇನ್ನು ಬಿ.ಬಿ. ಡಬ್ಬಿ. ಇಂಗ್ಲಿಷ್ ಥ್ರೆಡ್ ಆದರೆ ಇಂಚಿಗೆ 24 ಸುತ್ತು, ಅಂದರೆ ಪಿಚ್ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ) 1.058 ಮಿ.ಮೀ. ಫ್ರೆಂಚ್ ಥ್ರೆಡ್‌ಗೆ ಪಿಚ್ ಸರಿಯಾಗಿ 1 ಮಿ.ಮೀ. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ, ಹತ್ತು ಸುತ್ತಿಗೆ ಅರ್ಧ ಮಿಲಿಮೀಟರ್ ಮಾತ್ರ ವ್ಯತ್ಯಾಸ. ಪಿಚ್ ಗೇಜ್ ಇಟ್ಟರೇನೇ ಗೊತ್ತಾಗೋದು. ಗೊತ್ತಿಲ್ಲದೆ ಒಂದರೊಳಗೆ ಇನ್ನೊಂದನ್ನು ಬಲವಾಗಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಹಾಳು. ಇಟಾಲಿಯನ್ ಬೇರೆ, ಅದು 36 ಮಿ.ಮೀ., ಡಬ್ಬಿಯ ಅಗಲ 70. ಇಂಗ್ಲಿಷ್‌ಗೆ 68.

ಉಳಿ ಹೊಡೆದರು ಅಂದೆಯಲ್ಲ, ಯಾವ ಕಡೆ ತಿರುಗಿಸಿದರು? ಇಂಗ್ಲಿಷ್ ಥ್ರೆಡ್‌ನಲ್ಲಿ ಚೈನ್ ಕಡೆಯ ಕಪ್ ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅವರು ಮಾಮೂಲಿ ದಿಕ್ಕಿಗೆ ಹೊಡೆದು ಹೊಡೆದು ಬಿಗಿ ಮಾಡಿರಬೇಕು.

ಕೋಥ್ರೂಡ್ ಧಾರವಾಡ

ಕಾಕಾ, ನೀವು ಹೇಳಿದ್ದು ನಿಜ. ಚೈನ್ ಕಡೆಯ ಕಪ್ಪನ್ನು ಎಡಕ್ಕೇ ತಿರುಗಿಸ್ತಿದ್ದರು.

ಶನಿವಾರ ಪೂರ್ತಿ ಅಳೆದೆ. ಸೀಟಿನ ಪೈಪ್ 28.6. ಪೋಸ್ಟ್ 27.2, ಅದರ ಮೇಲೇ ಅಚ್ಚು ಒತ್ತಿದ್ದಾರೆ. ಸ್ಟೆಮ್ ಇನ್ನೂ ಹೊರಗೆ ಬಂದಿಲ್ಲ, ಹಿಡಿದುಕೊಂಡಿದೆ. ಹಿಂದಿನ ಅಂತರ 126. ಬಿ.ಬಿ. ಡಬ್ಬಿ 68. ದಾರದ ಪರೀಕ್ಷೆ ಮಾಡಿದೆ, ಎರಡೂ ಬದಿ ಒಂದೇ ಬಂತು. ಒಳಗೆ ಸ್ವಲ್ಪ ಪುಡಿ ತುಕ್ಕು ಮಾತ್ರ. ಪುಣ್ಯ.

ಹಿಂದಿನ ಗಾಲಿ ಕೂರುವ ಕಚ್ಚಿನ ಮೇಲೆ ಬಣ್ಣ ಕೆರೆದಾಗ ಸನ್‌ಟೂರ್ ಅಂತ ಅಕ್ಷರ ಕಂಡವು. ಡಿರೇಲರ್ ಹಿಂಬದಿಯಲ್ಲಿ ಎಫ್‌ಇ ಅಂತ ಎರಡು ಸಣ್ಣ ಅಕ್ಷರ ಇವೆ. ಪೆಡಲ್ ಕ್ರ್ಯಾಂಕ್ ಹಿಂದೆ ಎಫ್‌ಡಿ. ಮುಂದಿನ ಚಕ್ರಗಳು 52 ಮತ್ತು 42 ಹಲ್ಲು. ಹಿಂದೆ 14ರಿಂದ 24.

ಭೋಸರಿ ಟೂಲ್‌ರೂಮ್

ಭೇಷ್! ಆ ಎರಡು ಅಕ್ಷರ ಅಂದರೆ ಜನ್ಮಪತ್ರಿಕೆ. ಶಿಮಾನೊದವರು ಆ ಕಾಲದಲ್ಲಿ ಸಾಮಾನಿನ ಮೇಲೆ ತಯಾರಾದ ವರ್ಷ, ತಿಂಗಳು ಒತ್ತುತ್ತಿದ್ದರು. ಮೊದಲ ಅಕ್ಷರ ವರ್ಷ. ಎ ಅಂದರೆ 1976, ಬಿ 1977, ಹೀಗೆ ಎಣಿಸಿದರೆ ಎಫ್ 1981. ಎರಡನೇದು ತಿಂಗಳು. ಎ ಜನವರಿ ಆದರೆ ಡಿ ಏಪ್ರಿಲ್, ಇ ಮೇ. ನಿನ್ನ ಕ್ರ್ಯಾಂಕ್ 1981ರ ಏಪ್ರಿಲ್, ಡಿರೇಲರ್ 1981ರ ಮೇ. ಎರಡೂ ಅಕ್ಕಪಕ್ಕದ ತಿಂಗಳವು. ಅಂದರೆ ಇವು ಆಮೇಲೆ ಅಲ್ಲಿ ಇಲ್ಲಿ ಹೆಕ್ಕಿ ಹಾಕಿದ ಸಾಮಾನಲ್ಲ, ಸೈಕಲ್ಲಿನ ಜೊತೆಗೇ ಬಂದವು.

27.2 ಪೋಸ್ಟ್, ಅಂದರೆ ತೆಳು ಗೋಡೆಯ ಒಳ್ಳೆ ಪೈಪು. ಸನ್‌ಟೂರ್ ಕಚ್ಚು, ಶಿಮಾನೊ ಸಾಮಾನು. ಎರಡೂ ಜಪಾನಿನವು. ಜಪಾನಿನವರು ಇಂಗ್ಲಿಷ್ ಥ್ರೆಡ್ಡನ್ನೇ ಬಳಸುತ್ತಿದ್ದರು. ಸ್ಟೆಮ್ ಬಿಚ್ಚಿ ಫೋರ್ಕ್ ಹೊರಗೆ ತೆಗೆದಾಗ ಅದರ ಕತ್ತನ್ನು ಚೆನ್ನಾಗಿ ಒರೆಸಿ ನೋಡು. ಪೈಪು ಮಾಡಿದವರ ಗುರುತು ಬಹಳ ಸಲ ಅಲ್ಲಿರುತ್ತದೆ. ಇಟಲಿಯ ಕೊಲಂಬಸ್ ಎಸ್‌ಎಲ್ ಪೈಪಾದರೆ ಕತ್ತಿನ ಕೆಳತುದಿಯ ಒಳಗೆ ಸುರುಳಿ ಸುರುಳಿಯಾಗಿ ಐದು ಗೀರು ಏರಿರುತ್ತವೆ. ನಿನ್ನದರಲ್ಲಿ ಅದು ಇರಲಾರದು.

ಹಡಪ್ಸರ್ ಹುಡುಗ

ಹಾಗಾದ್ರೆ ರ‍್ಯಾಲಿ ಅಲ್ವಾ? ಆದ್ರೂ ಸ್ಟಿಕರ್ ಹಾಕಿದ್ರೆ ತಪ್ಪೇನಿದೆ ಕಾಕಾ?

ಭೋಸರಿ ಟೂಲ್‌ರೂಮ್

ತಪ್ಪಿದೆ ತಮ್ಮಾ. ಇದನ್ನು ಬೆಸೆದವನು ಒಬ್ಬ ಕುಶಲಿ. ಅವನ ಹೆಸರು ನಮಗೆ ಗೊತ್ತಿಲ್ಲ ಅಂತ ಬೇರೆಯವರ ಹೆಸರು ಹಾಕೋದು ಸರಿಯಲ್ಲ. ನಾಳೆ ಇದು ಇನ್ನೊಬ್ಬರ ಕೈಗೆ ಹೋದರೆ ಅವರು ಆ ಸ್ಟಿಕರ್ ನಂಬಿ ತಪ್ಪು ಸಾಮಾನು ತರುತ್ತಾರೆ. ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಕಾರ್ಖಾನೆಯ ಎಷ್ಟೋ ಹಳೇ ಸೈಕಲ್ಲಿಗೆ ಇಂಚಿಗೆ 26 ಸುತ್ತಿನ ಥ್ರೆಡ್ ಇತ್ತು. ಅದಕ್ಕೆ 24ರ ಕಪ್ ಹೋಗಲ್ಲ. ಹಳೇ ಸೈಕಲ್ ನೋಡುವ ಆಸೆಯಿದ್ದರೆ ಕರ್ವೇನಗರದಲ್ಲಿ ವಿಕ್ರಂ ಪೆಂಡ್ಸೆ ಅವರ ಸೈಕಲ್ ಮ್ಯೂಸಿಯಂ ಇದೆ. ಹೋಗಿ ಬಾ, ಕಣ್ಣು ಪಳಗುತ್ತದೆ.

ಮುಲುಂಡ್ ಬ್ರೆವೆ

ನಾನು ಮುಂಬೈನಿಂದ. ವರ್ಷಕ್ಕೆ ಎರಡು ಮೂರು 200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸೋ ದೂರದ ಸೈಕಲ್ ಸವಾರಿ, ಮಾಡ್ತೀನಿ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನನ್ನದೂ ಹಳೇ ಸ್ಟೀಲ್ ಸೈಕಲ್ಲೇ, ಅದಕ್ಕೇ ಬರೀತಿದ್ದೀನಿ.

ಮೊದಲು ಟಯರ್ ಗೊಂದಲ ಬಿಡಿಸೋಣ. ನಮ್ಮ ಕಡೆ ಹಾಲಿನವರು, ಪೋಸ್ಟಿನವರು ಓಡಿಸೋ ದೊಡ್ಡ ಸೈಕಲ್ ಇದೆಯಲ್ಲ, ಅದರ 28 × 1½ ಟಯರ್ ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ. ನಿಮ್ಮ 27 × 1¼ಗೆ 630. ಐದು ಮಿಲಿಮೀಟರ್ ಸಡಿಲ. ಹೊರಬರದೆ ಏನಾಗುತ್ತೆ? ಈಗಿನ ರೋಡ್ ಸೈಕಲ್ಲಿನ 700ಸಿ ಅಂದರೆ 622. ಅದು 630ರ ಮೇಲೆ ಏರೋದೇ ಇಲ್ಲ. ಅಂಗಡಿಯಲ್ಲಿ 27, 28 ಅನ್ನೋ ಮಾತೇ ಬೇಡ. ಟಯರ್ ಪಕ್ಕದಲ್ಲಿ 32-630, 28-622 ಅಂತ ಎರಡು ಸಂಖ್ಯೆ ಇರುತ್ತೆ. ಎರಡನೇ ಸಂಖ್ಯೆ ನೋಡಿ ತಗೊಳ್ಳಿ.

ಈಗ ಮುಖ್ಯ ವಿಷಯ. ರಿಮ್‌ಗೆ ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಕ್ರೋಮ್ ಹಾಕಿದ ಸ್ಟೀಲ್ ರಿಮ್. ಒಣ ದಿನ ಹೇಗೋ ನಿಲ್ಲುತ್ತೆ. ಮಳೆಯಲ್ಲಿ ಬ್ರೇಕ್ ಹಿಡಿದರೆ ರಬ್ಬರ್ ಆ ನುಣುಪಿನ ಮೇಲೆ ಜಾರುತ್ತಾ ಹೋಗುತ್ತೆ, ಸೈಕಲ್ ನಿಲ್ಲಲ್ಲ. ಜುಲೈನಲ್ಲಿ ನಾನು ಒಂದು ಘಾಟ್ ಇಳಿಯುವಾಗ ಇದನ್ನು ಅನುಭವಿಸಿದ್ದೀನಿ. ಎರಡೂ ಲಿವರ್ ಹ್ಯಾಂಡಲ್‌ಗೆ ತಾಗೋವರೆಗೂ ಒತ್ತಿದೆ, ಆದರೂ ತಿರುವು ಹತ್ತಿರ ಬರ್ತಾನೇ ಇತ್ತು. ಬದುಕಿದ್ದು ರಸ್ತೆ ಪಕ್ಕ ಮಣ್ಣಿನ ದಿಬ್ಬ ಇತ್ತು ಅಂತ. ಮನೆಗೆ ಬಂದ ವಾರವೇ ಅಲ್ಯೂಮಿನಿಯಂ ರಿಮ್ ಹಾಕಿಸಿದೆ. ಸಿಂಹಗಡ ಹತ್ತೋದಕ್ಕಿಂತ ಇಳಿಯೋದು ಅಪಾಯ. ನಿಮ್ಮ ಹತ್ತಿರ ಒಂದಕ್ಕೇ ದುಡ್ಡಿದ್ದರೆ ರಿಮ್‌ಗೆ ಹಾಕಿ. ಗೇರು, ಬಣ್ಣ ಎಲ್ಲಾ ಕಾಯಲಿ.

ಕೋಥ್ರೂಡ್ ಧಾರವಾಡ

ಆಯಸ್ಕಾಂತ ಗಟ್ಟಿಯಾಗಿ ಅಂಟಿತು ಅಕ್ಕ. ಎರಡೂ ರಿಮ್ ಸ್ಟೀಲ್. ಹಬ್‌ಗೆ ಅಂಟಲಿಲ್ಲ.

ಹಡಪ್ಸರ್ ಹುಡುಗ

ಹಾಗಾದ್ರೆ ಹಳೇದೆಲ್ಲ ಕಿತ್ತು ಹಿಂದೆ 11 ಚಕ್ರ ಇರೋ ಹೊಸ ಗೇರ್ ಸೆಟ್ ಹಾಕಿ ಅಣ್ಣ. ಸ್ಟೀಲ್ ಫ್ರೇಮ್ ಅಗಲ ಮಾಡಬಹುದಂತೆ.

ಭೋಸರಿ ಟೂಲ್‌ರೂಮ್

ಮಾಡಬಹುದು, ಅದು ನಿಜ. 126ರಿಂದ 130ಕ್ಕೆ ಅಂದರೆ ಒಂದೊಂದು ಬದಿ 2 ಮಿ.ಮೀ. ಉಕ್ಕು ಅಷ್ಟನ್ನು ತಡೆಯುತ್ತದೆ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿಗೆ ಅದನ್ನು ಮಾಡಲೇಬಾರದು. ಆದರೆ ಎರಡೂ ಬದಿ ಒಂದೇ ಅಳತೆಗೆ ಬಗ್ಗಬೇಕು, ಆಮೇಲೆ ಕಚ್ಚುಗಳನ್ನು ಮತ್ತೆ ಸಮಾಂತರ ಮಾಡಬೇಕು. ಈ ಸೈಕಲ್ಲಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ. ಹಬ್ಬು ಅಲ್ಯೂಮಿನಿಯಂ, 126ಕ್ಕೆ ಸರಿಯಾಗಿದೆ. ಅದನ್ನೇ ಇಟ್ಟುಕೊಂಡು ಕೋನು, ಬಾಲ್ಸು, ಗ್ರೀಸು ಹೊಸದು ಮಾಡಿ, ಹೊಸ 700ಸಿ ರಿಮ್ಮು ಹೊಸ ಕಡ್ಡಿಯಿಂದ ಕಟ್ಟಿಸು. 36 ತೂತಿನ ರಿಮ್ಮೇ ತಗೋ. ಕಡ್ಡಿಯ ಉದ್ದ ಹಳೇದಕ್ಕೆ ಸರಿಹೊಂದುವುದಿಲ್ಲ, ಲೆಕ್ಕ ಹಾಕಿ ತರಿಸು.

622 ಹಾಕಿದರೆ ರಿಮ್ಮು ಒಳಕ್ಕೆ 4 ಮಿ.ಮೀ. ಸರಿಯುತ್ತದೆ. ಬ್ರೇಕ್ ರಬ್ಬರ್ ಕೂರುವ ಸೀಳಿನಲ್ಲಿ ಅಷ್ಟು ಇಳಿಯಲು ಜಾಗ ಇದೆಯಾ ನೋಡು.

ಕೋಥ್ರೂಡ್ ಧಾರವಾಡ

ಇದೆ ಕಾಕಾ, ಇನ್ನೂ 6 ಮಿ.ಮೀ. ಜಾಗ ಇದೆ.

ಮುಲುಂಡ್ ಬ್ರೆವೆ

ಆಯ್ತು ಹಾಗಾದ್ರೆ. ಟಯರ್‌ಗೂ ಮೇಲೆ ಜಾಗ ಸಿಗುತ್ತೆ, 28 ಅಥವಾ 32 ಅಗಲದ್ದು ಹಾಕಿ. ಪುಣೆ ಗುಂಡಿಗಳಿಗೆ 32 ಒಳ್ಳೇದು.

ಗೇರ್ ಲೆಕ್ಕ ಹೇಳ್ತೀನಿ. ಈಗ ನಿಮ್ಮ ಹಗುರ ಗೇರ್ 42ಕ್ಕೆ 24. ಭಾಗಿಸಿದರೆ 1.75. ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತೆ. ನಿಮಿಷಕ್ಕೆ 60 ಸಲ ಪೆಡಲ್ ತುಳಿದರೆ ಗಂಟೆಗೆ 13 ಕಿ.ಮೀ. ವೇಗ. ಸಿಂಹಗಡದ ಘಾಟ್ ಸುಮಾರು 9 ಕಿ.ಮೀ., ಕೋಟೆ ಇರೋದು ಸಮುದ್ರಮಟ್ಟದಿಂದ 1,312 ಮೀಟರ್ ಎತ್ತರದಲ್ಲಿ. ಅಲ್ಲಿ ಆ ವೇಗದಲ್ಲಿ ಏರೋದು ನಮ್ಮಂಥವರಿಗೆ ಆಗಲ್ಲ. ಪೆಡಲ್ ನಿಧಾನ ಆಗುತ್ತೆ, ಭಾರ ಎಲ್ಲಾ ಮಂಡಿ ಮೇಲೆ.

ಕ್ರ್ಯಾಂಕ್ ಬದಲಾಯಿಸಬೇಡಿ, ಅಷ್ಟು ಚೆಂದ ಇದೆ. ಹಿಂದಿನ ಫ್ರೀವೀಲ್, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಸೆಟ್, ಬದಲಾಯಿಸಿ. ಶಿಮಾನೊ ಟೂರ್ನಿ 7 ಚಕ್ರದ ಫ್ರೀವೀಲ್ 14-34 ಹಲ್ಲಿನಲ್ಲಿ ಸಿಗುತ್ತೆ, ದುಬಾರಿ ಅಲ್ಲ. 126 ಅಂತರದಲ್ಲಿ ಏಳು ಕೂರುತ್ತೆ. ಆಗ 42ಕ್ಕೆ 34, ಅಂದರೆ 1.24. ಅದೇ 60 ಸುತ್ತಿಗೆ 9 ಕಿ.ಮೀ. ಚಿಲ್ಲರೆ. ಹೊಸ ರೋಡ್ ಸೈಕಲ್ಲಿನ 34ಕ್ಕೆ 28 ಇದೆಯಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಒಂದೇ ಕೊರತೆ, 24ರಿಂದ ನೇರ 34ಕ್ಕೆ ಹಾರುತ್ತೆ, ನಡುವೆ ಏನಿಲ್ಲ. ಘಾಟ್‌ನಲ್ಲಿ ಅದು ಅಷ್ಟು ತೊಂದರೆ ಕೊಡಲ್ಲ.

ನಿಮ್ಮ 600 ಡಿರೇಲರ್ 34 ಹಲ್ಲಿಗೆ ತಲುಪಲ್ಲ, ಉದ್ದ ಕೈಯದ್ದು ಬೇಕು. ಲಿವರ್ ಹಳೇ ಕಾಲದ್ದಾದ್ದರಿಂದ ಕಟ್ ಕಟ್ ಅಂತ ನಿಲ್ಲೋ ಜಾಗ ಇಲ್ಲ, ಕೈಯಲ್ಲೇ ಹೊಂದಿಸಬೇಕು. ಅದೇ ಅನುಕೂಲ. ಯಾವ ಡಿರೇಲರ್ ಹಾಕಿದರೂ ಕೆಲಸ ಮಾಡುತ್ತೆ.

ಕೋಥ್ರೂಡ್ ಧಾರವಾಡ

ಸ್ಟೆಮ್ ಮಾತ್ರ ಅಲ್ಲಾಡ್ತಿಲ್ಲ. ಬೋಲ್ಟ್ ಬಿಚ್ಚಿದೆ, ಹ್ಯಾಂಡಲ್ ತಿರುಗಿಸೋಕೆ ನೋಡಿದೆ. ಕಲ್ಲು. ಪಕ್ಕದ ಗ್ಯಾರೇಜಿನವರು ಗ್ಯಾಸ್ ಬೆಂಕಿ ಹಿಡಿಯೋಣ ಅಂತಾರೆ.

ಮಡಗಾಂವ್ ಮಳೆ

ಬೆಂಕಿ ಬೇಡವೇ ಬೇಡ. ಹೊರಗಿನ ಕತ್ತು ಉಕ್ಕು, ಒಳಗಿನ ಸ್ಟೆಮ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ, ಇನ್ನೂ ಬಿಗಿಯಾಗುತ್ತದೆ. ಬಣ್ಣವೂ ಸುಡುತ್ತದೆ. ಬೇಕಾದರೆ ಐಸ್ ಇಡಿ.

ಬೋಲ್ಟನ್ನು ನಾಲ್ಕೈದು ಸುತ್ತು ಮಾತ್ರ ಸಡಿಲ ಮಾಡಿ, ಪೂರ್ತಿ ತೆಗೆಯಬೇಡಿ. ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಿ. ಕೆಳಗೆ ಹಿಡಿದಿರುವ ಬೆಣೆ ಮೊದಲು ಬಿಡಬೇಕು, ಅದು ಬಿಡದೆ ತಿರುಗಿಸಿದರೆ ಉಪಯೋಗವಿಲ್ಲ. ಬೆಣೆ ಇಳಿದ ಮೇಲೆ ಸೈಕಲ್ ತಲೆಕೆಳಗು ನಿಲ್ಲಿಸಿ, ಫೋರ್ಕಿನ ಅಡಿಯ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಒಂದು ರಾತ್ರಿ ಸಾಲದು. ದಿನಾ ಎರಡು ಹೊತ್ತು, ಮೂರ‍್ನಾಲ್ಕು ದಿನ ಬಿಡಿ. ಆಮೇಲೆ ಮುಂದಿನ ಗಾಲಿಯನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸುತ್ತಾ ಇರಿ. ಬರುತ್ತದೆ. ವಾಪಸ್ ಹಾಕುವಾಗ ಗ್ರೀಸ್ ಬಳಿಯದೆ ಹಾಕಬೇಡಿ. ಸ್ಟೆಮ್ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣಬಾರದು.

ಕೋಥ್ರೂಡ್ ಧಾರವಾಡ

ಐದನೇ ದಿನ ಸಣ್ಣಗೆ ಕಿರ್ ಅಂತು. ಆ ಸದ್ದಿಗೆ ಎಷ್ಟು ಖುಷಿಯಾಯಿತು ಅಂದರೆ ಆಜೋಬಾನ ಕೂಗಿ ಕರೆದೆ. ಸ್ಟೆಮ್ 22.2.

ಫೋರ್ಕ್ ಕತ್ತು ಸೀಮೆಎಣ್ಣೆಯಲ್ಲಿ ಒರೆಸಿದೆ. ಟ್ಯಾಂಗೆ ಅಂತ ಅಚ್ಚು ಇದೆ!

ಭೋಸರಿ ಟೂಲ್‌ರೂಮ್

ಜಪಾನಿನ ಪೈಪು ಕಂಪನಿ. ಆಯಿತಲ್ಲ. 1981ರ ಜಪಾನ್ ಸೈಕಲ್, ತೆಳು ಪೈಪು. ಬಿಲ್ಲೆ ಇಲ್ಲದ್ದರಿಂದ ಹೆಸರು ಮಾತ್ರ ಖಾಲಿ. ಭಾನುವಾರ ಫ್ರೇಮ್ ತಗೊಂಡು ಮನೆಗೆ ಬಾ, ಕಪ್ ನಾನು ತೆಗೆದುಕೊಡುತ್ತೇನೆ.

ಕೋಥ್ರೂಡ್ ಧಾರವಾಡ

ಎರಡು ತಿಂಗಳಾದ ಮೇಲೆ ಬರೀತಿದ್ದೇನೆ. ಕಾಕಾ ಮನೆಯಲ್ಲಿ ಕಪ್ ಬಿಚ್ಚಿದ ರೀತಿ ಹೇಳಲೇಬೇಕು. ಕಪ್ ಒಳಗಿಂದ ಉದ್ದ ಬೋಲ್ಟ್ ತೂರಿಸಿ, ಎರಡೂ ಕಡೆ ದಪ್ಪ ವಾಷರ್ ಇಟ್ಟು, ನಟ್ಟನ್ನು ಗಟ್ಟಿ ಬಿಗಿದರು. ಆಮೇಲೆ ಬೋಲ್ಟಿನ ತಲೆಗೆ ಪಾನಾ ಹಾಕಿ ಬಲಕ್ಕೆ ತಿರುಗಿಸಿದರು. ಕಪ್ ಬೋಲ್ಟಿನ ಜೊತೆಗೇ ತಿರುಗಿ ಬಂತು. ಒಂದು ಏಟೂ ಹೊಡೆಯಲಿಲ್ಲ. ಪಿಚ್ ಗೇಜ್ ಇಟ್ಟು ತೋರಿಸಿದರು, ಇಂಚಿಗೆ 24. ಫ್ರೇಮಿನ ಥ್ರೆಡ್ ಉಳಿದಿತ್ತು. ಹೊಸ ಸೀಲ್ಡ್ ಬಿ.ಬಿ. ಹಾಕಿದೆವು. ಹೊಸ ಫ್ರೀವೀಲ್ ಹಬ್‌ಗೆ ಹಾಕುವಾಗ ಕಾಕಾ ಇನ್ನೊಂದು ಹೇಳಿದರು, ಅಲ್ಲಿಯ ಥ್ರೆಡ್ಡೂ ಅದೇ 24ರದ್ದು.

ಗಾಲಿ ಕಟ್ಟಿಸಿದೆ, 32ರ ಟಯರ್ ಹಾಕಿದೆ. ಕೇಬಲ್, ಬ್ರೇಕ್ ರಬ್ಬರ್, ಚೈನು ಹೊಸದು. ಬಣ್ಣ ಹೊಡೆಸಲಿಲ್ಲ. ನೀಲಿ ಬಳಿದಿದ್ದು ಆಜೋಬಾನ ಅಣ್ಣನೇ ಅಂತ ಗೊತ್ತಾದ ಮೇಲೆ ಕೆರೆಯೋಕೆ ಕೈ ಬರಲಿಲ್ಲ. ಹ್ಯಾಂಡಲ್‌ಗೆ ಹೊಸ ಟೇಪ್ ಸುತ್ತಿದೆ ಅಷ್ಟೇ.

ಹೋದ ಭಾನುವಾರ ಖಡಕ್‌ವಾಸ್ಲಾ ದಾಟಿ ಸಿಂಹಗಡ ಹತ್ತಿದೆ. ಮೂರು ಸಲ ಕಾಲೂರಿದೆ, ಅದರಲ್ಲಿ ಒಂದು ಸಲ ನೀರು ಕುಡಿಯೋಕೆ. 34ರ ಹಲ್ಲಿನಿಂದ ಚೈನ್ ಇಳಿಸಲೇ ಇಲ್ಲ. ಮೇಲೆ ಪಿಠಲ ಭಾಕ್ರಿ ತಿಂದು ಇಳಿಯುವಾಗ ಹನಿ ಶುರುವಾಯಿತು. ರಸ್ತೆ ಒದ್ದೆ. ಬ್ರೇಕ್ ಹಿಡಿದಲ್ಲಿ ನಿಂತಿತು ಅಕ್ಕ.

ಹಳೇ 600 ಡಿರೇಲರ್ ಒರೆಸಿ ಆಜೋಬಾಗೆ ಕೊಟ್ಟೆ. ಇದು 1981ರ ಮೇ ತಿಂಗಳದ್ದು ಅಂತ ಆ ಎರಡು ಅಕ್ಷರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ಹಾಗಾದ್ರೆ ಅದು ನನ್ನ ಮಗಳು ಹುಟ್ಟಿದ ವರ್ಷದ ದಿವಾಳಿ. ಅಣ್ಣ ಮುಂಬೈನಿಂದ ಡೆಕ್ಕನ್ ಕ್ವೀನ್‌ನಲ್ಲಿ ಬಂದ. ಮಗೂಗೆ ಬೆಳ್ಳಿ ಗೆಜ್ಜೆ ತಂದಿದ್ದ, ನನಗೆ ಗಡಿಯಾರ. ಸೈಕಲ್ಲನ್ನು ಸ್ಟೇಷನ್ನಿಂದ ಓಡಿಸಿಕೊಂಡೇ ಮನೆಗೆ ಬಂದ" ಅಂದರು. ಅದು ಯಾವ ವರ್ಷ ಅಂತ ಇಷ್ಟು ದಿನ ಅವರಿಗೆ ನೆನಪಾಗಿರಲಿಲ್ಲವಂತೆ.

ಮುಲುಂಡ್ ಬ್ರೆವೆ

ಓದಿ ಕಣ್ಣು ತುಂಬಿತು. ಡಿಸೆಂಬರ್‌ನಲ್ಲಿ ಪುಣೆ ಕಡೆ ಬರ್ತೀನಿ. ಸೈಕಲ್ಲನ್ನೂ ಆಜೋಬಾನನ್ನೂ ನೋಡಬೇಕು.

ಭೋಸರಿ ಟೂಲ್‌ರೂಮ್

ತಮ್ಮಾ, ಕ್ರ್ಯಾಂಕ್ ಬೋಲ್ಟ್ ಎರಡನ್ನೂ ಇನ್ನೊಮ್ಮೆ ಬಿಗಿ ನೋಡು, ಹೊಸ ಬಿ.ಬಿ. ಹಾಕಿದ ಮೇಲೆ ಮೊದಲ ಸವಾರಿಗಳಲ್ಲಿ ಸಡಿಲ ಆಗುತ್ತವೆ. ಕಡ್ಡಿಗಳೂ ಈಗ ಕೂತಿರುತ್ತವೆ. ಗಾಲಿ ತಗೊಂಡು ಬಾ, ಬೆಂಡ್ ತೆಗೆದುಕೊಡುತ್ತೇನೆ.